ಒಗೆಯದೆ ಕಳಿಸಿದ ಕೌದಿ

ದಾಂಡೇಲಿ
೪ ನವೆಂಬರ್ ೨೦೨೪

ಮಗಳು ಜ್ಯೂಲಿಗೆ,

ಫೋನು ಕೈಯಲ್ಲೇ ಇರುವಾಗ ಅವ್ವ ಯಾಕೆ ಕಾಗದ ಬರೆದಳು ಅಂತ ನಗಬೇಡ. ನಿನ್ನ ಆರೋಗ್ಯ ಉಪಕೇಂದ್ರದಲ್ಲಿ ಫೋನು ಹತ್ತುವುದು ನೀನು ಹಲಸಿನ ಮರದ ಬುಡಕ್ಕೆ ಹೋಗಿ ನಿಂತಾಗ ಮಾತ್ರ. ಇಲ್ಲಿ ನನ್ನದು ಇನ್ನೊಂದು ತಾಪತ್ರಯ. ಹಿಂದಿನ ಎರಡು ಖೋಲಿ ಬಾಡಿಗೆಗೆ ಕೊಟ್ಟೆ ಅಂದಿದ್ದೆನಲ್ಲ, ನಡುವೆ ಇರುವುದು ಬರೀ ಹಲಗೆ ಗೋಡೆ. ನಾನು ಈಚೆ ಆಕಳಿಸಿದರೆ ಆಚೆ ಗೊತ್ತಾಗುತ್ತದೆ. ಮನೆಯ ಮಾತನ್ನು ಪರರ ಕಿವಿಗೆ ಹಾಕುವುದಕ್ಕಿಂತ ಕಂಡಕ್ಟರ್ ಸುಭಾಸನ ಚೀಲಕ್ಕೆ ಹಾಕುವುದು ಲೇಸು. ಬರೆಯಲು ಕೂತರೆ ಕೈಗೆ ಶಾಲೆಯ ಕನ್ನಡವೇ ಬರುತ್ತದೆ ನೋಡು. ಏಳನೇ ಇಯತ್ತೆಯ ಶಾಂತಾದೇವಿ ಟೀಚರ್ ಬೆತ್ತ ಹಿಡಿದು ಹಿಂದೆ ನಿಂತ ಹಾಗೆ ಆಗುತ್ತದೆ.

ಬಾಡಿಗೆಗೆ ಬಂದವನ ಹೆಸರು ಸುದೀಪ. ಮೂವತ್ತು ವರ್ಷ ಇರಬಹುದು, ಬೆಳಗಾವಿ ಕಡೆಯವನಂತೆ. ರೆಸಾರ್ಟು, ಹೋಮ್‌ಸ್ಟೇಗಳಿಗೆ ಫಿನೈಲು ಮಾಡಿ ಕೊಡುತ್ತಾನೆ. ನೀಲಿ ಡ್ರಮ್ಮುಗಳು ಬರುತ್ತವೆ, ಹೋಗುತ್ತವೆ. ಕುಡಿತ ಇಲ್ಲ, ಸಿಗರೇಟು ಇಲ್ಲ, ಗೆಳೆಯರ ಗದ್ದಲ ಇಲ್ಲ. ಮಳೆಗಾಲದಲ್ಲಿ ಅಡುಗೆಮನೆ ಸೋರಿತು ಅಂದದ್ದಕ್ಕೆ ತಾನೇ ಮಾಡು ಹತ್ತಿ ತಗಡು ಸರಿಮಾಡಿದ. ನಿನ್ನ ತಮ್ಮ ಕೆವಿನ್ ಎರಡು ವರ್ಷದಿಂದ "ನಾಳೆ ಹತ್ತತೇನಿ" ಅಂದ ಮಾಡು ಅದು. ಕಸವನ್ನು ಕೂಡ ಸುದೀಪ ಓಣಿಯ ಗಾಡಿಗೆ ಹಾಕುವುದಿಲ್ಲ, ತನ್ನ ಬೈಕಿನ ಮೇಲೆ ಕಟ್ಟಿಕೊಂಡು ದೂರ ಒಯ್ಯುತ್ತಾನೆ. ಎಂಥ ಶಿಸ್ತು ಅಂತೀ!

ಮೊದಲ ದಿನ ಬಂದಾಗ ಅವನು ಆಡಿದ ಮಾತು ಈಗಲೂ ನೆನಪಿದೆ. "ನಿಮ್ಮಂಥವರ ಮನೀನ ಹುಡಕ್ಕೊಂಡ ಬಂದೇನ್ರಿ ಮೌಶಿ." ನಾವು ಸಿದ್ದಿಗಳು ಬಾಡಿಗೆ ಮನೆ ಕೇಳಲು ಹೋದರೆ ನಮ್ಮ ಬಣ್ಣ, ನಮ್ಮ ಕೂದಲು ನೋಡಿಯೇ "ಖಾಲಿ ಇಲ್ಲ" ಅನ್ನುವ ಜನರಿದ್ದಾರೆ. ನಿನ್ನ ಅಪ್ಪ ಇನಾಸ ಈ ಮನೆ ಕಟ್ಟುವ ಮೊದಲು ಎಷ್ಟು ಬಾಗಿಲು ನೋಡಿದ್ದ ಅಂತ ನಿನಗೂ ಗೊತ್ತು. ಅಂಥದ್ದರಲ್ಲಿ ನಮ್ಮ ಮನೆಯನ್ನೇ ಹುಡುಕಿ ಬಂದೆ ಅಂದರೆ ಯಾರಿಗೆ ಹಿಗ್ಗಾಗುವುದಿಲ್ಲ? ಎರಡು ಸಲ ಚಹಾ ಮಾಡಿ ಕೊಟ್ಟೆ.

ನಿನ್ನ ಮಗಳು ರೋಜಿ ಶಾಲೆಗೆ ಸರಿಯಾಗಿ ಹೋಗುತ್ತಿದ್ದಾಳೆ. ದಸರೆಯಿಂದ ಕೆಮ್ಮು ಬಿಟ್ಟಿಲ್ಲ, ಅಷ್ಟೇ. ಸುದೀಪನೇ ಒಂದು ಬಾಟಲಿ ಕೆಮ್ಮಿನ ಔಷಧಿ ತಂದುಕೊಟ್ಟ.

ಕೌದಿ ಕಳಿಸಿದ್ದೇನೆ. ಅಪ್ಪನ ಲುಂಗಿ, ನಿನ್ನ ಹಳೇ ಯೂನಿಫಾರ್ಮು, ನನ್ನ ಎರಡು ಸೀರೆ ಸೇರಿಸಿ ಹೊಲಿದ ಹೊದಿಕೆ. ಎಂಟು ದಿನ ಹಿತ್ತಲ ತಂತಿಯ ಮೇಲೆ ಒಣಗಿದೆ. ಬಂದ ಕೂಡಲೇ ಬಿಚ್ಚಿ ನೋಡು. ಒಗೆಯಬೇಡ, ಹೊಸ ಹೊಲಿಗೆ ಬಿಟ್ಟೀತು.

ನಲ್ಲಿಗೆ ನೀರು ಬಂತು. ಪಕ್ಕದ ಮನೆಯ ಕಾಶೆವ್ವ ನನ್ನ ಕೊಡ ಸರಿಸುವ ಮೊದಲು ಓಡಬೇಕು.

ನಿನ್ನ ಅವ್ವ,
ಗಂಗೂ


ಉಪಕೇಂದ್ರ, ಜೊಯಿಡಾ ತಾಲ್ಲೂಕು
೧೨ ನವೆಂಬರ್ ೨೦೨೪

ಅವ್ವಾ,

ಕೌದಿ ಬಂತು. ಸುಭಾಸಣ್ಣ ಅದನ್ನು ಕೈಗೆ ಕೊಡುವಾಗ ಮುಖ ಆಚೆ ತಿರುಗಿಸಿದ್ದ. "ತಪ್ಪ ತಿಳಕೋಬ್ಯಾಡ ಜ್ಯೂಲಿ, ಇದರಾಗ ಏನರ ಬಾಟ್ಲಿ ಒಡದೈತೇನ ನೋಡು. ಜೊಯಿಡಾದಾಗ ಹತ್ತಿದ ಮಂದಿ ಎಲ್ಲಾ ಕಿಡಕಿ ತಗದ್ರು" ಅಂದ. ದಾಂಡೇಲಿಯಿಂದ ಕೂತು ಬಂದವರು ಯಾರೂ ಏನೂ ಅನ್ನಲಿಲ್ಲವಂತೆ.

ಗಂಟು ಬಿಚ್ಚಿದೆ. ಬಾಟಲಿ ಇರಲಿಲ್ಲ. ಆದರೆ ಅವ್ವಾ, ಇದೇನು ವಾಸನೆ? ಬೆಕ್ಕು ಉಚ್ಚೆ ಹೊಯ್ದ ಹಾಗೆ, ಅದರ ಮೇಲೆ ಉಗುರಿನ ಬಣ್ಣ ಅಳಿಸುವ ಎಣ್ಣೆ ಚೆಲ್ಲಿದ ಹಾಗೆ. ಹೊದ್ದುಕೊಂಡು ನೋಡಿದೆ, ಹತ್ತು ನಿಮಿಷಕ್ಕೆ ತಲೆ ಸಿಡಿಯತೊಡಗಿತು. ಈಗ ಅದನ್ನು ಹಲಸಿನ ಕೊಂಬೆಗೆ ಹಾಕಿದ್ದೇನೆ. ಎರಡು ದಿನವಾದರೂ ಹೋಗಿಲ್ಲ.

ಇನ್ನೊಂದು. ಮೂರು ಮೂಲೆಗೆ ಹೂವು ಇವೆ, ನಾಲ್ಕನೆಯದಕ್ಕೆ ಇಲ್ಲ. ನೀನು ಎಂದೂ ಹಾಗೆ ಮಾಡಿದವಳಲ್ಲ. ಮೂಲೆಗೆ ಬಟ್ಟೆ ಮಡಚಿ ಹೂವು ಕೂರಿಸದ ಕೌದಿ ಬೆತ್ತಲೆ, ಅದನ್ನು ಮನೆಯ ಹೊಸ್ತಿಲು ದಾಟಿಸಬಾರದು ಅಂತ ನನಗೆ ಹೇಳಿಕೊಟ್ಟವಳೇ ನೀನು. ಹನ್ನೆರಡು ವರ್ಷದವಳಿದ್ದಾಗ ನಾನು ಮರೆತದ್ದಕ್ಕೆ ನೀನು ನನ್ನ ಬೆರಳಿಗೆ ಸೂಜಿ ಚುಚ್ಚಿದ್ದೆ. ಅವಸರ ಏನಿತ್ತು?

ನೀನು ಎಲ್ಲಿ ಒಣಗಿಸಿದ್ದೆ? ಅವನ ಕಿಟಕಿಯ ಹತ್ತಿರವೇ? ರೋಜಿ ಯಾವ ಖೋಲಿಯಲ್ಲಿ ಮಲಗುತ್ತಾಳೆ? ಕೆಮ್ಮು ಒಣ ಕೆಮ್ಮೋ, ಕಫ ಬರುತ್ತದೋ? ಕಣ್ಣು ಕೆಂಪಾಗುತ್ತವೆಯೇ? ಬೇಗ ಬರಿ. ಆ ಔಷಧಿ ಕೊಡಬೇಡ.

ಉತ್ತರಕ್ಕೆ ಬಸ್ಸಿನ ದಾರಿ ನೋಡುತ್ತಿರುವ,
ಜ್ಯೂಲಿ


ದಾಂಡೇಲಿ
೧೮ ನವೆಂಬರ್ ೨೦೨೪

ಜ್ಯೂಲಿ,

ನರ್ಸ್ ಆದ ಮೇಲೆ ನಿನ್ನ ಮೂಗೂ ಸರ್ಕಾರಿ ನೌಕರಿಗೆ ಸೇರಿತೇನು? ದಾಂಡೇಲಿಗೆ ವಾಸನೆ ಇರುವುದು ನಿನಗೆ ಇವತ್ತು ಗೊತ್ತಾಯಿತೇ? ಹುಟ್ಟಿದಂದಿನಿಂದ ಆ ಕಾಗದದ ಕಾರ್ಖಾನೆಯ ವಾಸನೆ ಕುಡಿದು ಬೆಳೆದವಳು ನೀನು. ಹೊರಗಿನಿಂದ ಬಂದ ಬೀಗರು ಬಸ್‌ಸ್ಟ್ಯಾಂಡಿನಲ್ಲೇ ಮೂಗು ಮುಚ್ಚಿಕೊಂಡರೆ ನಾವು ನಗುತ್ತಿರಲಿಲ್ಲವೇ? ಈ ಊರಲ್ಲಿ ಹಾಲು ಕೆಟ್ಟರೂ ಕಾರ್ಖಾನೆ, ಇಲಿ ಸತ್ತರೂ ಕಾರ್ಖಾನೆ. ಈಗ ಕಾಡಿನ ಗಾಳಿ ಕುಡಿದು ನಿನಗೆ ಹುಟ್ಟೂರು ನಾರುತ್ತಿದೆ.

ಕಾಶೆವ್ವನನ್ನೂ ಕೇಳಿದೆ. ನಾವಿಬ್ಬರೂ ನಲ್ಲಿಯ ವಿಷಯ ಬಿಟ್ಟು ಬೇರೆ ಮಾತಾಡಿದ್ದು ಈ ವರ್ಷದಲ್ಲಿ ಅದೇ ಮೊದಲು. "ಕಾರ್ಖಾನಿ ವಾಸನಿ ಬಿಡ್ರಿ, ಚಳಿಗಾಲಕ್ಕ ಕೆಳಗ ಇಳೀತೈತಿ" ಅಂದಳು. ಆಮೇಲೆ ನನ್ನ ಕೊಡ ಹಿಂದೆ ಸರಿಸಿ ತನ್ನದನ್ನು ಇಟ್ಟಳು.

ದಾರ ಮುಗಿದಿತ್ತು, ಅದಕ್ಕೆ ಮೂಲೆ ಉಳಿಯಿತು. ಇಷ್ಟಕ್ಕೆ ಪಂಚನಾಮೆ ಮಾಡಬೇಡ.

ಸುದೀಪನ ಮೇಲೆ ಯಾಕೆ ಬಿದ್ದೆ? ಅವನು ನನ್ನನ್ನು ಸ್ವಂತ ಚಿಕ್ಕಮ್ಮನ ಹಾಗೆ ಮೌಶಿ ಅನ್ನುತ್ತಾನೆ. ಸಂಜೆ ಬಾಗಿಲಲ್ಲಿ ನಿಂತು "ಊಟ ಆತ್ರಿ?" ಅಂತ ಕೇಳುತ್ತಾನೆ. ಕೆವಿನ್ ಗೋವಾದಿಂದ ಎಷ್ಟು ದಿನಕ್ಕೊಮ್ಮೆ ಕೇಳುತ್ತಾನೆ ಹೇಳು.

ರೋಜಿ ಹಿಂದಿನ ಹಲಗೆ ಗೋಡೆಯ ಪಕ್ಕವೇ ಮಲಗುತ್ತಾಳೆ. ಒಣ ಕೆಮ್ಮು. ಕಣ್ಣು ಬೆಳಿಗ್ಗೆ ಕೆಂಪಗಿರುತ್ತವೆ. ಔಷಧಿ ಕೊಡುವುದು ನಿಲ್ಲಿಸಿದ್ದೇನೆ.

ಸಿಟ್ಟಿನಲ್ಲೇ ಮುಗಿಸುತ್ತೇನೆ,
ಅವ್ವ


ಉಪಕೇಂದ್ರ, ಜೊಯಿಡಾ ತಾಲ್ಲೂಕು
೨೭ ನವೆಂಬರ್ ೨೦೨೪

ಅವ್ವಾ,

ಜಗಳ ಆಮೇಲೆ ಆಡೋಣ. ಇದನ್ನು ಓದಿ ಒಲೆಗೆ ಹಾಕು.

ನಿನ್ನೆ ಜೊಯಿಡಾದಲ್ಲಿ ನಮಗೆಲ್ಲ ಒಂದು ಸಭೆ ಇತ್ತು. ನಾನು ಮಲೇರಿಯಾ ಇರಬೇಕು ಅಂತ ಹೋದೆ. ಒಬ್ಬ ಡಾಕ್ಟರು, ಒಬ್ಬರು ಪೊಲೀಸ್ ಅಧಿಕಾರಿ ಬಂದಿದ್ದರು. ಮಾದಕ ವಸ್ತುವನ್ನು ಈಗ ಊರ ನಡುವೆ, ಮಕ್ಕಳು ಮರಿ ಇರುವ ಓಣಿಯ ಬಾಡಿಗೆ ಮನೆಗಳಲ್ಲೇ ತಯಾರಿಸುತ್ತಾರಂತೆ. ಏನು ನೋಡಬೇಕು ಅಂತ ಒಂದೊಂದಾಗಿ ಹೇಳಿದರು. ಬೆಕ್ಕಿನ ಉಚ್ಚೆಯ ಹಾಗೆ, ಇಲ್ಲವೇ ಬಣ್ಣ ಅಳಿಸುವ ಎಣ್ಣೆಯ ಹಾಗೆ ವಾಸನೆ. ಹಗಲಲ್ಲೂ ಕಾಗದ ಅಂಟಿಸಿದ ಕಿಟಕಿ. ಚಳಿಯಲ್ಲೂ ನಿಲ್ಲದ ಫ್ಯಾನು. ಡ್ರಮ್ಮು, ಕ್ಯಾನುಗಳ ಓಡಾಟ. ತನ್ನ ಕಸವನ್ನು ಓಣಿಯ ಗಾಡಿಗೆ ಹಾಕದೆ ದೂರ ಒಯ್ಯುವವನು. ಅಲ್ಲಿಗೆ ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. "ಎಂಥ ಶಿಸ್ತು ಅಂತೀ" ಅಂತ ನೀನೇ ಬರೆದಿದ್ದೆ. ಮೋರಿಯ ಬದಿಯ ಗಿಡ ಸುಟ್ಟಂತಾಗಿದ್ದರೆ ಅದೂ ಒಂದು ಗುರುತಂತೆ.

ಅದು ಅದೇ ಅಂತ ನಾನು ಆಣೆ ಮಾಡಿ ಹೇಳಲಾರೆ. ನಿಜವಾಗಿಯೂ ಫಿನೈಲೇ ಇರಬಹುದು. ಆದರೆ ಫಿನೈಲಿನ ವಾಸನೆ ನಾನು ದಿನಾ ಮೂಸುತ್ತೇನೆ ಅವ್ವಾ, ನೆಲ ಒರೆಸುವವಳು ನಾನೇ.

ನೀನು ಒಳಗೆ ಇಣುಕಬೇಡ. ಅವನನ್ನು ಕೇಳಬೇಡ. ಅವನ ಡ್ರಮ್ಮು, ಕ್ಯಾನು, ಕಸ ಯಾವುದನ್ನೂ ಮುಟ್ಟಬೇಡ. ಅಂಥ ಕಡೆ ಒಂದು ಕಿಡಿ ಸಾಕಂತೆ, ಮನೆಯೇ ಹಾರಿಹೋಗುತ್ತದೆ. ೧೧೨ಕ್ಕೆ ಫೋನು ಮಾಡು, ಮಾಡುವಾಗ ಮನೆಯಿಂದ ದೂರ ಹೋಗು. ಅದಕ್ಕೂ ಮೊದಲು ರೋಜಿಯನ್ನು ಕಳಿಸು. ಶಾಲೆ ಹೋದರೆ ಹೋಗಲಿ. ಸುಭಾಸಣ್ಣನಿಗೆ ಹೇಳಿದ್ದೇನೆ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರುತ್ತಾನೆ.

ಅವನು ಕೆಮ್ಮಿನ ಔಷಧಿ ತಂದುಕೊಟ್ಟ ಅಂದೆಯಲ್ಲ. ಕೆಮ್ಮು ಯಾಕೆ ಬಂತು ಅಂತ ಓಣಿಯಲ್ಲಿ ಗೊತ್ತಿದ್ದವನು ಅವನೊಬ್ಬನೇ. ಅದನ್ನು ನೆನೆದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಿನ್ನ ಮಗಳು, ರೋಜಿಯ ತಾಯಿ,
ಜ್ಯೂಲಿ


ದಾಂಡೇಲಿ
೮ ಡಿಸೆಂಬರ್ ೨೦೨೪

ಜ್ಯೂಲಿ,

ರೋಜಿ ತಲುಪಿದಳು ಅಂತ ಸುಭಾಸ ಹೇಳಿದ. ಬಸ್ಸು ಹೊರಟಾಗ "ಆಯೀ, ನೀನೂ ಬಾ" ಅಂತ ಕಿಟಕಿಗೆ ಜೋತುಬಿದ್ದಿದ್ದಳು. ಮನೆಗೆ ಬಂದರೆ ಸುದೀಪ ಬಾಗಿಲಲ್ಲೇ ನಿಂತಿದ್ದ. "ಕೂಸು ಎಲ್ಲಿ ಮೌಶಿ?" ಅಂದ. ಅವಳ ಅಪ್ಪ ಜೋಸೆಫ್‌ಗೆ ಕ್ಯಾಸಲ್‌ರಾಕ್ ರೈಲ್ವೆಯಲ್ಲಿ ಕ್ವಾರ್ಟರ್ಸ್ ಸಿಕ್ಕಿತು, ಅಲ್ಲಿಗೆ ಕರೆಸಿಕೊಂಡರು ಅಂದೆ. ನಾನು ಸುಳ್ಳು ಹೇಳುವಾಗ ಸೆರಗಿನ ತುದಿ ತಿರುಚುತ್ತೇನೆ ಅಂತ ನಿನ್ನ ಅಪ್ಪ ಅನ್ನುತ್ತಿದ್ದ. ಸುದೀಪ ನನ್ನ ಕೈಯನ್ನೇ ನೋಡುತ್ತಿದ್ದ.

ನೀನು ಬರೆದದ್ದೆಲ್ಲ ಇದೆ. ಕಿಟಕಿಗೆ ಒಳಗಿನಿಂದ ಹಳೇ ಪೇಪರು ಅಂಟಿಸಿದೆ. ಫ್ಯಾನು ಹಗಲಿಡೀ ತಿರುಗುತ್ತದೆ. ಮೋರಿಯ ಬದಿಯ ಕೆಸುವಿನ ಗಿಡ ಬುಡದಿಂದಲೇ ಕಪ್ಪಾಗಿದೆ. ಕೆಸು ಸಾಯುವುದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ, ಬೇಡ ಅಂದರೂ ಬೆಳೆಯುವ ಗಿಡ ಅದು.

ಮತ್ತೆ ಯಾಕೆ ಫೋನು ಮಾಡಲಿಲ್ಲ ಅಂತ ಕೇಳುತ್ತಿ. ಮೂರು ಸಲ ನದಿಯ ಕಡೆ ನಡೆದುಹೋಗಿ ನಂಬರು ಒತ್ತಿದೆ. ಮೂರು ಸಲವೂ ಕೆವಿನ್ನನ ಮುಖ ಬಂತು. ಎರಡು ವರ್ಷದ ಹಿಂದೆ ಗೋವಾದಲ್ಲಿ ಯಾರದೋ ಗಾಂಜಾ ಸಿಕ್ಕಿದ್ದಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದ ಇವನನ್ನು ಹಿಡಿದರು. ಆಫ್ರಿಕಾದವನೆಂದು ತಿಳಿದು ಪಾಸ್‌ಪೋರ್ಟ್ ತೋರಿಸು ಅಂದರು. ಕನ್ನಡದಲ್ಲಿ ಅತ್ತ, ಕೊಂಕಣಿಯಲ್ಲಿ ಅತ್ತ. "ಚಲೋ ಕಲ್ತಾನ" ಅಂತ ನಕ್ಕರಂತೆ. ಆಧಾರ್ ಕಾರ್ಡು ಹಿಡಿದು ನಾನು ಹೋಗುವವರೆಗೆ ಎರಡು ದಿನ ನೆಲದ ಮೇಲೆ ಕೂರಿಸಿದ್ದರು. ಅಂದಿನಿಂದ ಅವನು ಊರಿಗೆ ಬರುವುದೇ ಕಡಿಮೆಯಾಯಿತು.

ಈಗ ಹೇಳು. ಮನೆ ನನ್ನದು, ಬಣ್ಣ ನನ್ನದು, ಹಿಂದಿನ ಖೋಲಿಯಲ್ಲಿ ಸಿಗುವುದು ಡ್ರಗ್ಸು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಮ್ಮ ಹೆಗಲನ್ನು ನಾವು ಮುಟ್ಟಿಕೊಳ್ಳುವ ಕಷ್ಟವೂ ಇಲ್ಲ, ಬಂದವರೇ ಮುಟ್ಟಿ ನೋಡುತ್ತಾರೆ.

ಮೊನ್ನೆ ನೀರು ಕಾಯಿಸುತ್ತಾ ಕೂತಾಗ ಸುದೀಪನ ಆ ಮಾತು ಮತ್ತೆ ನೆನಪಾಯಿತು. "ನಿಮ್ಮಂಥವರ ಮನೀನ ಹುಡಕ್ಕೊಂಡ ಬಂದೇನಿ." ಹೌದು, ಹುಡುಕಿಯೇ ಬಂದಿದ್ದ. ಏನಾದರೂ ಆದರೆ ಪೊಲೀಸರು ಮೊದಲು ಯಾರ ಕೈ ಹಿಡಿಯುತ್ತಾರೆ ಅಂತ ಲೆಕ್ಕ ಹಾಕಿಯೇ ಬಂದಿದ್ದ. ನಾನು ಅದಕ್ಕೆ ಹಿಗ್ಗಿ ಎರಡು ಸಲ ಚಹಾ ಮಾಡಿ ಕೊಟ್ಟೆ. ದೀಪ ನಮ್ಮದು ಅಂತ ಮುತ್ತಿಟ್ಟರೆ ಮೀಸೆ ಸುಡದೆ ಬಿಟ್ಟೀತೇ ಅನ್ನುತ್ತಾರೆ. ನನಗೆ ಮೀಸೆ ಇಲ್ಲ, ಹೊಟ್ಟೆ ಸುಟ್ಟಿತು.

ಒಲೆಯ ಮುಂದೆ ಕೂತು ಬರೆದದ್ದು,
ಅವ್ವ


ಉಪಕೇಂದ್ರ, ಜೊಯಿಡಾ ತಾಲ್ಲೂಕು
೧೩ ಡಿಸೆಂಬರ್ ೨೦೨೪

ಅವ್ವಾ,

ರೋಜಿಯ ಕೆಮ್ಮು ಐದನೇ ದಿನಕ್ಕೆ ನಿಂತಿತು. ಔಷಧಿ ಒಂದು ಹನಿ ಕೊಟ್ಟಿಲ್ಲ. ಕಣ್ಣು ಬೆಳ್ಳಗಾಗಿವೆ. ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ನಿನ್ನ ಭಯ ಸುಳ್ಳು ಅಂತ ನಾನು ಅನ್ನುವುದಿಲ್ಲ. ಕೆವಿನ್ ನನ್ನ ತಮ್ಮ. ಆದರೆ ನಿನ್ನ ಓಣಿಯಲ್ಲಿ ಹದಿನಾಲ್ಕು ಮನೆ ಇವೆ, ಅವುಗಳಲ್ಲಿ ಎಷ್ಟು ಮಕ್ಕಳಿವೆ ಅಂತ ನೀನೇ ಎಣಿಸು. ರೋಜಿಗೆ ಬರಲು ಜೊಯಿಡಾದ ಬಸ್ಸಿತ್ತು. ಕಾಶೆವ್ವನ ಮೊಮ್ಮಗ ಎಲ್ಲಿಗೆ ಹೋಗುತ್ತಾನೆ? ಅವನೂ ಕೆಮ್ಮುತ್ತಾನೆ ಅಂತ ರೋಜಿ ಹೇಳಿದಳು. ನೀನು ಬರೆದಿರಲಿಲ್ಲ.

ನೀನು ಬಂದುಬಿಡು ಅಂದರೆ ಬರುವುದಿಲ್ಲ, ನನಗೆ ಗೊತ್ತು. ಅಪ್ಪ ಕಟ್ಟಿದ ಮನೆ ಅನ್ನುತ್ತಿ. ಹಾಗಾದರೆ ತಿಂಗಳ ಕೊನೆಯವರೆಗೆ ನೋಡುತ್ತೇನೆ. ಅಷ್ಟರಲ್ಲಿ ನೀನು ಹೇಳದಿದ್ದರೆ ನಾನೇ ಹಲಸಿನ ಮರದ ಬುಡಕ್ಕೆ ಹೋಗಿ ಫೋನು ಮಾಡುತ್ತೇನೆ, ನನ್ನ ಹೆಸರು ಹೇಳಿ, ನಿನ್ನ ಮನೆಯ ನಂಬರು ಹೇಳಿ. ಆಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿ.

ಜ್ಯೂಲಿ


ದಾಂಡೇಲಿ
೨೯ ಡಿಸೆಂಬರ್ ೨೦೨೪

ಜ್ಯೂಲಿ,

ಮೊದಲು ಬೈಗುಳ ತಿನ್ನು. ಅವ್ವನಿಗೆ ಗಡುವು ಕೊಡುವಷ್ಟು ದೊಡ್ಡವಳಾದೆ. ಇರಲಿ. ನಿನ್ನ ಕಾಗದ ಬಂದ ದಿನ ನಲ್ಲಿಯ ಹತ್ತಿರ ಕಾಶೆವ್ವನ ಮೊಮ್ಮಗ ಕೆಮ್ಮುತ್ತಾ ನಿಂತಿದ್ದ, ಅವನ ಕಣ್ಣು ನೋಡಿದೆ. ನಾನು ಬರೆದಿರಲಿಲ್ಲ, ನಿಜ. ಬರೆದಿದ್ದರೆ ಸುಮ್ಮನಿರಲಾಗುತ್ತಿರಲಿಲ್ಲ.

ಆದರೆ ಒಬ್ಬಳೇ ಹೋಗುವ ಧೈರ್ಯ ನನಗಿಲ್ಲ. ಓಣಿಗೆ ಹೇಳಿದರೆ "ಕಾರ್ಖಾನಿ ವಾಸನಿ" ಅನ್ನುತ್ತಾರೆ. ಹೇಳಿದವಳು ನಾನಾದರೆ ಮಾತು ಸುದೀಪನ ಕಿವಿಗೂ ಹೋಗುತ್ತದೆ. ಹಾಗಾಗಿ ಕಾದೆ. ಕಾರ್ಖಾನೆಯನ್ನು ವರ್ಷದ ರಿಪೇರಿಗೆ ಐದು ದಿನ ನಿಲ್ಲಿಸುತ್ತಾರೆ ಅಂತ ಪಗಾರದ ದಿನವೇ ಊರಿಗೆಲ್ಲ ಗೊತ್ತಾಗಿತ್ತು. ನಿಂತ ಮರುದಿನ ಬೆಳಿಗ್ಗೆ ಪಾಳಿಯ ಭೋಂಗಾ ಕೂಗಲಿಲ್ಲ, ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಊರಿಗೆ ಊರೇ ಹೊಸ ಗಾಳಿ. ಎಲ್ಲರೂ ಅಂಗಳಕ್ಕೆ ಬಂದು ಉಸಿರೆಳೆದುಕೊಂಡರು.

ಅವತ್ತೇ ಓಣಿಯ ಹೆಂಗಸರನ್ನು ಕರೆದೆ. ಮಗಳಿಗೆ ದೊಡ್ಡ ಕೌದಿ ಬೇಕಂತೆ, ನನ್ನೊಬ್ಬಳಿಂದ ಆಗುವುದಿಲ್ಲ, ಮಧ್ಯಾಹ್ನ ಹಿತ್ತಲಿಗೆ ಬನ್ನಿ, ಹಳೇ ಸೀರೆ ತನ್ನಿ ಅಂದೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಕಾಶೆವ್ವನೇ ಮೊದಲು ಬಂದಳು. ಆಮೇಲೆ ಲಲಿತಾಬಾಯಿ, ಮಹಿಳಾ ಸಂಘದ ಗೋದುಬಾಯಿ, ಒಟ್ಟು ಒಂಬತ್ತು ಜನ. ಬಟ್ಟೆ ಹಾಸಿ ಸುತ್ತ ಕೂತೆವು. ನೀನು ಬೈಯುತ್ತಿ ಅಂತ ಕಿಟಕಿಯಿಂದ ದೂರ, ಬತ್ತಿದ ಬಾವಿಯ ಹತ್ತಿರ ಕೂರಿಸಿದ್ದೆ. ಅಂಚಿನಿಂದ ಒಳಕ್ಕೆ ಹೊಲಿಯುವುದು ಹೇಳಿಕೊಟ್ಟೆ. ವಾಸನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿತು. ಕಾಶೆವ್ವ ಸೂಜಿ ನಿಲ್ಲಿಸಿ ಮೂಗು ಮೇಲೆತ್ತಿದಳು.

"ಗಂಗೂಬಾಯಿ, ಕಾರ್ಖಾನಿ ಬಂದ್ ಐತಲ್ಲ?"

"ಹೌದ್ರಿ."

"ಮತ್ತ ಇದೇನ್ ವಾಸನಿ?"

ನಾನು ಹೊಲಿಯುತ್ತಾ ಇದ್ದೆ. ಲಲಿತಾಬಾಯಿ "ನಮ್ಮ ಮನಿತನಾ ಬರತೈತಿ ಇದು, ಕಾರ್ಖಾನೀದಂತ ಸುಮ್ನಿದ್ವಿ" ಅಂದಳು. ಗೋದುಬಾಯಿ ಕಿಟಕಿಯ ಪೇಪರು ನೋಡಿದಳು, ಮೋರಿಯ ಕೆಸು ನೋಡಿದಳು. ಯಾರ ಧ್ವನಿಯೂ ಏರಲಿಲ್ಲ. ಕಾಶೆವ್ವನಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ಬಟ್ಟೆ ಸುತ್ತಿಕೊಂಡು ಎಲ್ಲರೂ ಅವಳ ಮನೆಗೆ ಹೋದೆವು. ಅಲ್ಲಿ ನಿನ್ನ ಕಾಗದ ಓದಿದೆ. ಒಲೆಗೆ ಹಾಕು ಅಂದಿದ್ದೆ, ಹಾಕಿರಲಿಲ್ಲ. ಕೆವಿನ್ನನ ಕಥೆಯನ್ನೂ ಹೇಳಿದೆ, ಆರು ವರ್ಷದಿಂದ ನೆರೆಯವರಾದವರಿಗೆ ಅದನ್ನು ಹೇಳಿದ್ದು ಅದೇ ಮೊದಲು. ಹೇಳುವಾಗ ಅಳು ಬಂತು, ತಡೆಯಲಿಲ್ಲ. ಕಾಶೆವ್ವ "ಪೊಲೀಸ್ರಿಗೆ ಕೊಡೂ ಅರ್ಜಿಯೊಳಗ ಮೊದಲ ಹೆಸರ ನಂದ ಬರೀರಿ" ಅಂದಳು.

ನಾಳೆ ಬೆಳಿಗ್ಗೆ ಹತ್ತಕ್ಕೆ ಅರ್ಜಿ ಹಿಡಿದು ಠಾಣೆಗೆ ಹೋಗುತ್ತೇವೆ.

ಅವ್ವ


ಉಪಕೇಂದ್ರ, ಜೊಯಿಡಾ ತಾಲ್ಲೂಕು
೬ ಜನವರಿ ೨೦೨೫

ಅವ್ವಾ,

ಎಂಟು ದಿನವಾಯಿತು. ನಿನ್ನ ಫೋನು ಬಂದ್ ಇದೆ. ಓಣಿಗೆ ಹಗ್ಗ ಕಟ್ಟಿದ್ದಾರೆ, ಯಾರನ್ನೂ ಬಿಡುತ್ತಿಲ್ಲ ಅಂತ ಸುಭಾಸಣ್ಣ ಹೇಳಿದ. ಜೀಪಿನಲ್ಲಿ ಒಬ್ಬ ಸಿದ್ದಿ ಹೆಂಗಸನ್ನು ಕೂರಿಸಿಕೊಂಡು ಹೋದದ್ದನ್ನು ನೋಡಿದವರಿದ್ದಾರಂತೆ. ಜೋಸೆಫ್ ರಜೆ ಹಾಕಿ ದಾಂಡೇಲಿಗೆ ಹೊರಟಿದ್ದಾರೆ. ನಾನೂ ಬರುತ್ತಿದ್ದೆ, ಇಲ್ಲಿ ಒಬ್ಬಳಿಗೆ ಇವತ್ತೋ ನಾಳೆಯೋ ಹೆರಿಗೆ, ಬಿಡುವ ಹಾಗಿಲ್ಲ.

ನಾನು ಗಡುವು ಕೊಡಬಾರದಿತ್ತು. ಈ ಚೀಟಿ ಯಾರ ಕೈಗೆ ಸಿಕ್ಕರೂ ನನ್ನ ಅವ್ವನಿಗೆ ಓದಿ ಹೇಳಿ. ಅವಳದೇನೂ ತಪ್ಪಿಲ್ಲ.

ಜ್ಯೂಲಿ


ದಾಂಡೇಲಿ, ಕಾಶೆವ್ವನ ಮನೆ
೧೯ ಜನವರಿ ೨೦೨೫

ಮಗಳೇ ಜ್ಯೂಲಿ,

ಜೋಸೆಫ್ ಬಾಯಿಂದ ಅರ್ಧ ಕೇಳಿರುತ್ತಿ. ಅವನು ಮಾತಿನಲ್ಲಿ ಗೂಡ್ಸ್ ಗಾಡಿ, ನಿಂತು ನಿಂತು ಹೋಗುತ್ತಾನೆ. ಪೂರ್ತಿ ನಾನು ಹೇಳುತ್ತೇನೆ.

ಅವತ್ತು ಹತ್ತು ಜನ ಹೋದೆವು. ಬಾಗಿಲಲ್ಲಿದ್ದ ಪೇದೆ ಉಳಿದವರನ್ನೆಲ್ಲ ಬಿಟ್ಟು ನನ್ನ ಮುಂದೆ ಬಂದು ನಿಂತ. "ಯಾವ ದೇಶ? ಪಾಸ್‌ಪೋರ್ಟ್ ಐತೇನು?" ಅಂದ. ನಾನು ಹಿಂದಕ್ಕೆ ತಿರುಗಿದೆ. ಕಾಶೆವ್ವ ನನ್ನ ರಟ್ಟೆ ಹಿಡಿದಳು. "ಆಕಿ ಹುಟ್ಟಿದ್ದು ಹಳಿಯಾಳ ತಾಲ್ಲೂಕಿನಾಗ ರೀ ಸಾಹೇಬ್ರ. ನಾ ಹುಟ್ಟಿದ್ದು ರಾಣೆಬೆನ್ನೂರಾಗ. ಈ ಜಿಲ್ಲಾಕ್ಕ ಹೊರಗಿನಾಕಿ ನಾ ಅದೀನಿ, ನನ್ನ ಕೇಳ್ರಿ ಪಾಸ್‌ಪೋರ್ಟ್!" ನಲ್ಲಿಯ ಮುಂದೆ ನಾನು ಶಪಿಸುತ್ತಿದ್ದ ಅದೇ ಧ್ವನಿ. ಒಳಗಿದ್ದ ಪಿಎಸ್‌ಐ ಮೇಡಂಗೂ ಕೇಳಿಸಿತು, ಕರೆದು ಕೂರಿಸಿದರು. ಅರ್ಜಿಯನ್ನು ಎರಡು ಸಲ ಓದಿದರು. ಏನೂ ಆಗದವರ ಹಾಗೆ ಮನೆಗೆ ಹೋಗಿ, ಮಕ್ಕಳನ್ನು ಆ ಕಡೆ ಬಿಡಬೇಡಿ ಅಂದರು.

ಮೂರನೇ ದಿನ ಬೆಳಿಗ್ಗೆ ಬಂದರು. ಹೊರಗಿನಿಂದ ಬಂದ ತಂಡ, ಮುಖಕ್ಕೆಲ್ಲ ಮುಸುಕು. ಓಣಿಯವರನ್ನೆಲ್ಲ ಶಾಲೆಯ ಮೈದಾನಕ್ಕೆ ಕಳಿಸಿದರು. ಸುದೀಪನನ್ನು ಹೊರಗೆ ತಂದಾಗ ಅವನು ಎಲ್ಲರ ಮುಂದೆ ನನ್ನ ಕಡೆ ಬೆರಳು ಮಾಡಿದ. "ಎಲ್ಲಾ ಈ ಮೌಶಿದ ರೀ, ನಾ ಪಗಾರಕ್ಕ ಇದ್ದಂವ" ಅಂದ. ಅದಕ್ಕೇ ನನ್ನನ್ನು ಮನೆ ಕೊಟ್ಟವಳು ಅಂತ ನಾಲ್ಕು ದಿನ ಬೆಳಿಗ್ಗೆ ಕರೆದು ಸಂಜೆ ಬಿಟ್ಟರು. ಸುಭಾಸನ ಜೀಪಿನ ಸುದ್ದಿ ಅದೇ. ನಾಲ್ಕು ದಿನವೂ ಕಾಶೆವ್ವ ಅಥವಾ ಗೋದುಬಾಯಿ ಹೊರಗಿನ ಕಟ್ಟೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತಿರುತ್ತಿದ್ದರು. ಅರ್ಜಿಯಲ್ಲಿ ಮೊದಲು ಕಾಶೆವ್ವನ ಹೆಸರು ಇದ್ದದ್ದಕ್ಕೆ, ಒಂಬತ್ತು ಜನ ಸಾಕ್ಷಿ ಹೇಳಿದ್ದಕ್ಕೆ ನಾನು ಹೊರಗಿದ್ದೇನೆ.

ಮನೆಗೆ ಸೀಲು ಹಾಕಿದ್ದಾರೆ. ನೆಲ, ಗೋಡೆ ಎಲ್ಲ ಆ ವಿಷ ಕುಡಿದುಬಿಟ್ಟಿವೆಯಂತೆ. ತೊಳೆದರೆ ಹೋಗುತ್ತದೋ, ಕೆಡವಬೇಕೋ ಅಂತ ಇನ್ನೂ ಹೇಳಿಲ್ಲ. ಇನಾಸ ತಲೆಯ ಮೇಲೆ ಕಲ್ಲು ಹೊತ್ತು ಕಟ್ಟಿದ ಗೋಡೆ. ಅದನ್ನು ನೆನೆದರೆ ಅಳು ಬರುತ್ತದೆ, ಅಳುತ್ತೇನೆ. ಕಾಶೆವ್ವ "ಸಾಕ್ರಿ, ಕೊಡ ತುಂಬತೈತಿ" ಅಂತ ಚೇಷ್ಟೆ ಮಾಡುತ್ತಾಳೆ. ಕೆವಿನ್ ಬಂದಿದ್ದ. ಎಂಟು ದಿನ ಇದ್ದು ಹೋದ.

ಈಗ ಒಂದು ಮಾತು. ನಿನ್ನ ಚೀಟಿಯಲ್ಲಿ "ಅವಳದೇನೂ ತಪ್ಪಿಲ್ಲ" ಅಂತ ಬರೆದಿದ್ದೆ. ಅದನ್ನು ಓದಿದಂದಿನಿಂದ ನನಗೆ ನೆಮ್ಮದಿ ಇಲ್ಲ.

ಆ ಕೌದಿಯ ದಾರ ಮುಗಿದಿರಲಿಲ್ಲ. ದಸರೆಯ ಮರುವಾರವೇ ನನಗೆ ಅನುಮಾನ ಬಂದಿತ್ತು. ಒಂದು ದಿನ ಮುಂಡಗೋಡಿನ ಮದುವೆಗೆ ಹೋಗಿ ಬಂದು ಬಾಗಿಲು ತೆಗೆದಾಗ ಮೂಗಿಗೆ ಬಡಿಯಿತು. ಮರುದಿನ ಬೆಳಿಗ್ಗೆ ಅದೇ ವಾಸನೆ ಗೊತ್ತಾಗಲಿಲ್ಲ. ನನ್ನ ಮೂಗನ್ನು ನಾನು ನಂಬಲಿಲ್ಲ. ನಂಬಿದ್ದರೆ 'ನಮ್ಮಂಥವರ ಮನೆ'ಗೆ ಅವನು ಯಾಕೆ ಬಂದ ಅಂತಲೂ ನಂಬಬೇಕಿತ್ತು. ಅದಕ್ಕೆ ಕೌದಿಯನ್ನು ಎಂಟು ದಿನ ಬೇಕೆಂದೇ ಅವನ ಕಿಟಕಿಯ ಕೆಳಗೆ ಹಾಕಿದೆ. ಒಗೆಯಬೇಡ ಅಂತ ಬರೆದೆ. ಒಂದು ಮೂಲೆಯ ಹೂವು ಬಿಟ್ಟೆ, ನೀನು ಸುಮ್ಮನೆ ಮಡಚಿಡಬಾರದು, ಕೈಯಲ್ಲಿ ಹಿಡಿದು ನೋಡಬೇಕು ಅಂತ. ನೀನು "ಅವ್ವನ ವಾಸನೆ ಬರುತ್ತದೆ" ಅಂತ ಬರೆದಿದ್ದರೆ ನಾನು ನೆಮ್ಮದಿಯಿಂದ ಇರುತ್ತಿದ್ದೆ. ನೀನು ನಿಜ ಬರೆದೆ, ಅದಕ್ಕೇ ನಿನ್ನ ಮೇಲೆ ಹರಿಹಾಯ್ದೆ. ಅಷ್ಟು ದಿನ ರೋಜಿ ಆ ಗೋಡೆಯ ಪಕ್ಕವೇ ಮಲಗಿದ್ದಳು. ಅದು ನನ್ನ ತಪ್ಪು. ನೀನು ಕ್ಷಮಿಸಿದರೂ ಅದು ನನ್ನದೇ.

ಲಕೋಟೆಯಲ್ಲಿ ನಾಲ್ಕನೇ ಮೂಲೆಯ ಹೂವು ಇಟ್ಟಿದ್ದೇನೆ. ಬಟ್ಟೆ ಕಾಶೆವ್ವನ ಸೀರೆಯದು, ಅರ್ಜಿ ಕೊಡಲು ಬಂದ ದಿನ ಉಟ್ಟಿದ್ದು, ತಾನೇ ಸೆರಗು ಹರಿದು ಕೊಟ್ಟಳು. ಹಲಸಿನ ಕೊಂಬೆಯಿಂದ ಕೌದಿ ಇಳಿಸಿ, ಈಗ ಧಾರಾಳ ಒಗೆ. ಒಣಗಿದ ಮೇಲೆ ನೀನು ಮೂಸಬೇಡ, ರೋಜಿಯ ಕೈಗೆ ಕೊಡು. ಅವಳು ಮೂಗು ತಿರುಗಿಸದಿದ್ದರೆ ಮಾತ್ರ ಈ ಹೂವು ಕೂರಿಸು. ತಿರುಗಿಸಿದರೆ ಸುಟ್ಟುಹಾಕು, ನಾವು ಹೊಸದು ಹೊಲಿಯುತ್ತೇವೆ. ಇಲ್ಲಿ ಹತ್ತು ಸೂಜಿ ತಯಾರಿವೆ.

ರೋಜಿ ಏನಂದಳು ಅಂತ ಇದ್ದದ್ದು ಇದ್ದ ಹಾಗೆ ಬರೆ. ಈ ಸಲ ಸಿಟ್ಟಾಗುವುದಿಲ್ಲ.

ಅವ್ವ